ಖಾಲಿ ಹೊಟ್ಟೆಯ ಶುಗರ್ 94 ಇದ್ದರೂ ನಾನು ಟೇಪ್ ಹಿಡಿದೆ

ಅಮ್ಮನಿಗೆ ನಲವತ್ತೈದಕ್ಕೇ ಶುಗರ್ ಬಂತು. ನನಗೀಗ 41. ವರ್ಷಕ್ಕೊಮ್ಮೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುತ್ತಿದ್ದೆ. 94, 96 ಬರುತ್ತಿತ್ತು. 100ರ ಒಳಗಿದ್ದರೆ ನಾರ್ಮಲ್ ಅಲ್ವಾ? ರಿಪೋರ್ಟ್ ಬೀರು ಸೇರುತ್ತಿತ್ತು.

ಕಳೆದ ವರ್ಷ ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್ ಬಗ್ಗೆ ಓದಿದೆ. ಚೆನ್ನೈನ ಡಾ. ವಿ. ಮೋಹನ್ ಅವರ ತಂಡ 2005ರಲ್ಲಿ ನಮ್ಮ ದೇಶದವರಿಗೆಂದೇ ಮಾಡಿದ್ದು. ರಕ್ತ ಬೇಡ. ವಯಸ್ಸು, ಸೊಂಟದ ಸುತ್ತಳತೆ, ಮೈಗೆ ಕೊಡುವ ಕೆಲಸ, ಅಪ್ಪ ಅಮ್ಮನಿಗೆ ಶುಗರ್ ಇದೆಯಾ, ಇಷ್ಟೇ.

ಬ್ಲೌಸ್ ಹೊಲಿಯುವ ಟೇಪ್ ಮನೆಯಲ್ಲೇ ಇತ್ತು. ಮೊದಲು ಲಂಗದ ಲಾಡಿ ಕಟ್ಟುವ ಜಾಗದಲ್ಲೇ ಸುತ್ತಿದೆ, ಅದು ತಪ್ಪು. ಕೊನೆಯ ಪಕ್ಕೆಲುಬನ್ನೂ ಸೊಂಟದ ಮೂಳೆಯ ಮೇಲಂಚನ್ನೂ ಬೆರಳಲ್ಲಿ ಒತ್ತಿ ಹುಡುಕಿ, ಸರಿಯಾಗಿ ನಡುವೆ ಕಾಡಿಗೆಯ ಚುಕ್ಕಿ ಇಟ್ಟು, ಬರಿ ಮೈಮೇಲೆ ಟೇಪ್ ಸುತ್ತಿ, ಸಹಜವಾಗಿ ಉಸಿರು ಬಿಟ್ಟಮೇಲೆ ನೋಡಬೇಕು. ಹೊಟ್ಟೆ ಎಳೆದುಕೊಳ್ಳಬಾರದು. 86 ಸೆಂಟಿಮೀಟರ್! ಹೆಂಗಸರಿಗೆ 80ರ ಒಳಗಿರಬೇಕು, ಗಂಡಸರಿಗೆ 90ರ ಒಳಗೆ. ನೋಡಿದವರು ಯಾರೂ ನನ್ನನ್ನು ದಪ್ಪ ಅನ್ನುವುದಿಲ್ಲ, ಕೈಕಾಲೆಲ್ಲ ಸಣ್ಣವೇ.

ವಯಸ್ಸಿಗೆ 20, ಸೊಂಟಕ್ಕೆ 10, ದಿನವಿಡೀ ಕೂತು ಕೆಲಸ ಮಾಡಿ ವ್ಯಾಯಾಮವನ್ನೂ ಮಾಡದ್ದಕ್ಕೆ 30, ಅಮ್ಮನ ಲೆಕ್ಕದಲ್ಲಿ 10. ಒಟ್ಟು 70. 60 ಮುಟ್ಟಿದರೇ ಅಪಾಯ ಜಾಸ್ತಿ.

ಡಾಕ್ಟರ್ ಹತ್ತಿರ ಹೋದೆ. ಮೂರು ತಿಂಗಳ ಶುಗರ್‌ನ ಸರಾಸರಿ ಹೇಳುವ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಪ್ರಿಡಯಾಬಿಟಿಸ್, ಅಂದರೆ ಶುಗರ್ ಕಾಯಿಲೆಗೆ ಮುಂಚಿನ ಹಂತ. ಆದರೆ ನನ್ನ ಹಿಮೋಗ್ಲೋಬಿನ್ ಕಡಿಮೆ, 9.8 ಇತ್ತು. 'ನೋಡಮ್ಮ, ಕಬ್ಬಿಣದ ಅಂಶ ಕಡಿಮೆ ಇದ್ದರೆ ಇದು ಇರೋದಕ್ಕಿಂತ ಜಾಸ್ತಿ ತೋರಿಸಬಹುದು, ಇದೊಂದನ್ನೇ ನಂಬೋದು ಬೇಡ' ಅಂದು ಗ್ಲೂಕೋಸ್ ಕುಡಿಸುವ ಟೆಸ್ಟ್ ಬರೆದರು.

ಮೊದಲು ಹೋದ ಲ್ಯಾಬ್‌ನಲ್ಲಿ 'ಸುಮ್ನೆ ತಿಂಡಿ ತಿಂದು ಬನ್ನಿ, ಎರಡೂ ಒಂದೇ' ಅಂದರು. ಒಂದೇ ಅಲ್ಲ. ಎರಡು ಇಡ್ಲಿ ತಿಂದರೆ ಒಂದು ನಂಬರ್, ನಾಲ್ಕು ತಿಂದರೆ ಇನ್ನೊಂದು. ಬೇರೆ ಲ್ಯಾಬ್‌ಗೆ ಹೋದೆ. ನೀರಲ್ಲಿ ಕರಗಿಸಿದ 75 ಗ್ರಾಂ ಗ್ಲೂಕೋಸ್, ಐದು ನಿಮಿಷದೊಳಗೆ ಮುಗಿಸಬೇಕು. ಗಂಟಲು ಕಟ್ಟುವಷ್ಟು ಸಿಹಿ. ಆಮೇಲೆ ಎರಡು ಗಂಟೆ ಕಾಫಿ ಇಲ್ಲ, ಓಡಾಟ ಇಲ್ಲ, ಕೂತೇ ಇರಬೇಕು.

ಖಾಲಿ ಹೊಟ್ಟೆಯಲ್ಲಿ 95. ಎರಡು ಗಂಟೆಗೆ 168.

140ರ ಒಳಗೆ ಇರಬೇಕಿತ್ತು, 200 ಮುಟ್ಟಿದರೆ ಡಯಾಬಿಟಿಸ್ಸೇ. ರಾತ್ರಿಯೆಲ್ಲ ಉಪವಾಸ ಇದ್ದಾಗ ನನ್ನ ಮೈ ಹೇಗೋ ಸಂಭಾಳಿಸುತ್ತಿತ್ತು, ಸಕ್ಕರೆಯ ಹೊರೆ ಬಿದ್ದಾಗ ಸೋಲುತ್ತಿತ್ತು. ಇಷ್ಟು ವರ್ಷ ನಾನು ಬರೀ ಉಪವಾಸದ ಹೊತ್ತನ್ನೇ ಅಳೆಯುತ್ತಿದ್ದೆ. ರಕ್ತದಲ್ಲಿನ ಕೊಬ್ಬು, ಟ್ರೈಗ್ಲಿಸರೈಡ್, 172, ಜಾಸ್ತಿ. ಒಳ್ಳೆ ಕೊಲೆಸ್ಟ್ರಾಲ್ 41, ಕಡಿಮೆ. ಅವೂ ಅದೇ ಕಡೆ ಬೆರಳು ತೋರುತ್ತಿದ್ದವು.

ಕಬ್ಬಿಣದ ಮಾತ್ರೆ ಶುರುವಾಯಿತು. ಅನ್ನ ಅರ್ಧ ಮಾಡಿ ಪಲ್ಯ, ಕಾಳು ಹೆಚ್ಚಿಸಿದೆ. ಬೆಳಿಗ್ಗೆ 40 ನಿಮಿಷ ಬಿರುಸಾಗಿ ನಡೆದೆ. ಆರು ತಿಂಗಳಿಗೆ ಸೊಂಟ 81, ಎರಡು ಗಂಟೆಯ ಶುಗರ್ 137. ನಡಿಗೆಯಿಂದ ಹತ್ತು ಅಂಕ ಇಳಿದರೂ ಸ್ಕೋರ್ ಮಾತ್ರ ಇನ್ನೂ 60, ವಯಸ್ಸಿನ ಮತ್ತು ಅಮ್ಮನ ಅಂಕ ಎಲ್ಲೂ ಹೋಗುವುದಿಲ್ಲ. ಅದಕ್ಕೇ ವರ್ಷಕ್ಕೊಮ್ಮೆ ಗ್ಲೂಕೋಸ್ ಟೆಸ್ಟ್ ಮಾಡಿಸುತ್ತೇನೆ.

ಹಬ್ಬಕ್ಕೆ ತಂಗಿ ಬಂದಿದ್ದಳು. ಅವಳಿಗೆ 36. ಅಡುಗೆಮನೆ ಬಾಗಿಲು ಹಾಕಿಕೊಂಡು ಅವಳಿಗೂ ಟೇಪ್ ಸುತ್ತಿದೆ, 88. ಸೋಮವಾರ ಅವಳ ಟೆಸ್ಟ್ ಇದೆ, ನಾನೇ ಜೊತೆಗೆ ಹೋಗುತ್ತಿದ್ದೇನೆ.