ಹೋಬಳಿ ಪಟ್ಟಿ ಇಟ್ಟುಕೊಂಡು ಅರೇ ಒಳಗಿನ ಅರೇ ಕಲಿತದ್ದು

ಪಿಎಚ್‌ಪಿ (ವೆಬ್‌ಸೈಟ್‌ಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಕಲಿಯಲು ಶುರು ಮಾಡಿದಾಗ ಅಭ್ಯಾಸಕ್ಕೆ ನಾನು ಎತ್ತಿಕೊಂಡದ್ದು ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮಗಳ ಪಟ್ಟಿ. ಹಣ್ಣು, ಬಣ್ಣಗಳ ಉದಾಹರಣೆ ನೋಡಿದರೆ ಅರೇ (ಹಲವು ಮೌಲ್ಯಗಳನ್ನು ಒಂದೇ ಹೆಸರಿನಡಿ ಇಡುವ ಪಟ್ಟಿ) ಒಳಗೆ ಇನ್ನೊಂದು ಅರೇ ಯಾಕೆ ಬೇಕು ಅನ್ನೋದೇ ತಿಳಿಯಲ್ಲ. ಹೋಬಳಿಗೆ ಬಂದರೆ ತಕ್ಷಣ ತಿಳಿಯುತ್ತದೆ. ಕಸಬಾ ಅನ್ನೋ ಹೋಬಳಿ ಹೆಚ್ಚುಕಮ್ಮಿ ಎಲ್ಲ ತಾಲೂಕಿನಲ್ಲೂ ಇರುತ್ತೆ. $ಹೋಬಳಿ['ಕಸಬಾ'] ಅಂತ ಒಂದೇ ಮಟ್ಟದಲ್ಲಿ ಇಟ್ಟರೆ ಮದ್ದೂರಿನ ಕಸಬಾ ಜಾಗದಲ್ಲಿ ಮಳವಳ್ಳಿಯದು ಬಂದು ಕೂರುತ್ತೆ, ಎರರ್ ಕೂಡ ಬರಲ್ಲ. ಕೊಪ್ಪ ಅನ್ನೋದು ಮದ್ದೂರು ತಾಲೂಕಿನಲ್ಲಿ ಹೋಬಳಿ, ಚಿಕ್ಕಮಗಳೂರು ಜಿಲ್ಲೆಯಲ್ಲಿ ತಾಲೂಕು. ಹೆಸರು ಸಾಲದು, ಅಲ್ಲಿಗೆ ಹೋಗುವ ದಾರಿಯೂ ಬೇಕು.

ಪಟ್ಟಿ ಇದ್ದ ಸಿಎಸ್‌ವಿ ಫೈಲಿನಲ್ಲಿ (ಮಾಹಿತಿಯನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಫೈಲ್) ಸಾಲಿಗೊಂದು ಗ್ರಾಮ. ಒಂದೊಂದೇ ಸಾಲು ಓದಿಸಿ ಹೀಗೆ ತುಂಬಿದೆ:

$ಊರು[$ಜಿಲ್ಲೆ][$ತಾಲೂಕು][$ಹೋಬಳಿ][] = $ಗ್ರಾಮ;

(ಪಿಎಚ್‌ಪಿಯಲ್ಲಿ ವೇರಿಯೇಬಲ್ ಹೆಸರು ಕನ್ನಡದಲ್ಲೇ ಇಡಬಹುದು. ಕಲಿಯುವಾಗ ಇದರಿಂದ ನನಗೆ ತುಂಬಾ ಉಪಯೋಗವಾಯಿತು.) ಎಡದಿಂದ ಓದುತ್ತಾ ಹೋದರೆ ಒಂದೊಂದು ಬ್ರ್ಯಾಕೆಟ್ಟಿಗೂ ಒಂದು ಮೆಟ್ಟಿಲು ಕೆಳಗಿಳಿದ ಹಾಗೆ. ಮಧ್ಯದ ಅರೇಗಳನ್ನು ಮೊದಲೇ ಕಟ್ಟಿಡಬೇಕಾಗಿಲ್ಲ, ಇಲ್ಲದಿದ್ದರೆ ಪಿಎಚ್‌ಪಿಯೇ ಹುಟ್ಟಿಸುತ್ತೆ. ಕೊನೆಯ ಖಾಲಿ ಬ್ರ್ಯಾಕೆಟ್ ಅಂದರೆ 'ಪಟ್ಟಿಯ ತುದಿಗೆ ಸೇರಿಸು'. ಸೇರಿಸುವ ಮೊದಲು ಪ್ರತಿ ಹೆಸರಿಗೂ ಟ್ರಿಮ್ (ಹಿಂದೆ ಮುಂದೆ ಉಳಿದ ಸ್ಪೇಸ್ ತೆಗೆಯುವ ಫಂಕ್ಷನ್) ಹಾಕಲೇಬೇಕು. 'ಮದ್ದೂರು' ಹಿಂದೆ ಒಂದು ಸ್ಪೇಸ್ ಉಳಿದಿದ್ದರೂ ಅದು ಬೇರೆಯೇ ತಾಲೂಕಾಗಿಬಿಡುತ್ತದೆ.

ತುಂಬಿದ್ದು ಸರಿಯಾಗಿದೆಯಾ ಅಂತ ನೋಡಲು ಇಡೀ $ಊರು ಪ್ರಿಂಟ್ ಮಾಡಲು ಹೋಗಬೇಡಿ, ಪರದೆ ತುಂಬಾ ಹರಿದು ಏನೂ ಅರ್ಥವಾಗಲ್ಲ. ನಾನು ಪ್ರಿಂಟ್_ಆರ್‌ಗೆ ಕೊಡುವುದು $ಊರು['ಮಂಡ್ಯ']['ಮದ್ದೂರು'] ಅಷ್ಟೇ. ಎಣಿಸುವಾಗಲೂ ಹಾಗೇ: ಕೌಂಟ್‌ಗೆ $ಊರು['ಮಂಡ್ಯ'] ಕೊಟ್ಟರೆ 7 ಬರಬೇಕು, ತಾಲೂಕುಗಳು ಅಷ್ಟೇ ಇರೋದು. ಒಳಗಿನ ಮಟ್ಟಗಳನ್ನೂ ಎಣಿಸುವ ರಿಕರ್ಸಿವ್ ಕೌಂಟ್ ಹಾಕಿದರೆ ಗ್ರಾಮಗಳ ಜೊತೆ ತಾಲೂಕು, ಹೋಬಳಿಗಳೂ ಲೆಕ್ಕಕ್ಕೆ ಸೇರುತ್ತವೆ, ಹಾಗಾಗಿ ಅದನ್ನು ಗ್ರಾಮಗಳ ಸಂಖ್ಯೆ ಅಂದುಕೊಳ್ಳಬಾರದು.

ಹೊಸಬರು ನಿಂತು ಯೋಚಿಸಬೇಕಾದ ಜಾಗ ಫೋರೀಚ್, ಅಂದರೆ ಅರೇಯ ಅಂಶಗಳನ್ನು ಒಂದೊಂದಾಗಿ ಕೊಡುವ ಲೂಪ್. ಅದು ಕೈಗೆ ಕೊಡೋದು ನಕಲು. ಒಳಗಿನ ಗ್ರಾಮಗಳನ್ನು ಲೂಪಿನಲ್ಲಿ ಸಾರ್ಟ್ ಮಾಡಿದರೆ ನಕಲು ಮಾತ್ರ ಜೋಡಣೆಯಾಗುತ್ತೆ, ಮೂಲ ಹಾಗೇ ಉಳಿಯುತ್ತೆ. ನಕಲಿನ ಬದಲು ಮೂಲವನ್ನೇ ಹಿಡಿಯಲು ರೆಫರೆನ್ಸ್ ಚಿಹ್ನೆ & ಹಾಕಬಹುದು, ಆದರೆ ಲೂಪ್ ಮುಗಿದ ಮೇಲೂ ಆ ವೇರಿಯೇಬಲ್ ಕೊನೆಯ ಅಂಶಕ್ಕೇ ಅಂಟಿಕೊಂಡಿರುತ್ತದೆ, ಅನ್‌ಸೆಟ್ ಮಾಡಿ ಬಿಡಿಸಬೇಕು. ನನಗೆ ಅದಕ್ಕಿಂತ ಕೀಲಿಯನ್ನೂ (ಬ್ರ್ಯಾಕೆಟ್ಟಿನೊಳಗಿನ ಹೆಸರು) ಜೊತೆಗೆ ತಗೊಂಡು ಪೂರ್ತಿ ದಾರಿ ಬರೆದು ವಾಪಸ್ ಇಡೋದೇ ಇಷ್ಟ. ಉದ್ದವಾಗುತ್ತೆ ನಿಜ, ಆದರೆ ಏನು ಎಲ್ಲಿ ಬದಲಾಯಿತು ಅನ್ನೋದು ಕಣ್ಣಿಗೆ ಕಾಣುತ್ತೆ.

ಇಲ್ಲದ ಹೋಬಳಿ ಕೇಳಿದರೆ ವಾರ್ನಿಂಗ್ ಬರುತ್ತೆ. ಅಂಥ ಕಡೆ $ಊರು[$ಜಿಲ್ಲೆ][$ತಾಲೂಕು][$ಹೋಬಳಿ] ?? [] ಅಂತ ಬರೆದರಾಯಿತು, ಮಧ್ಯದ ಯಾವ ಮೆಟ್ಟಿಲು ಇಲ್ಲದಿದ್ದರೂ ಖಾಲಿ ಪಟ್ಟಿ ಸಿಗುತ್ತೆ. ಇದಕ್ಕೆ 2015ರ ಪಿಎಚ್‌ಪಿ 7 ಅಥವಾ ಅದರ ನಂತರದ ಆವೃತ್ತಿ ಬೇಕು. ಜೇಸನ್ (ಪ್ರೋಗ್ರಾಂಗಳ ನಡುವೆ ಮಾಹಿತಿ ಸಾಗಿಸುವ ಪಠ್ಯ ರೂಪ) ಆಗಿ ಹೊರಗೆ ಕಳಿಸುವಾಗ 'ಅನ್‌ಎಸ್ಕೇಪ್ಡ್ ಯೂನಿಕೋಡ್' ಆಯ್ಕೆ ಕೊಡಿ, ಇಲ್ಲದಿದ್ದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಬರೀ ಕೋಡ್ ಸಂಖ್ಯೆಗಳು ಬರುತ್ತವೆ.