ಯುಗಾದಿಯ ಎಲೆಗೆ ಒಬ್ಬಟ್ಟು, ಕೋಸಂಬರಿ, ಪಾಯಸ: ಕೆಲಸ ಯಾವ ಕ್ರಮದಲ್ಲಿ ಸಾಗಬೇಕು?

ಯುಗಾದಿಯ ಮಧ್ಯಾಹ್ನ ಮನೆಯವರೆಲ್ಲ ಪಂಕ್ತಿಯಲ್ಲಿ ಕುಳಿತು ಬಿಸಿ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿರುವಾಗ, ಅದನ್ನು ಮಾಡಿದವರು ಮಾತ್ರ ಇನ್ನೂ ಕಾವಲಿಯ ಮುಂದೆ ಬೆವರುತ್ತ ನಿಂತಿರುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅವರು ಎಲೆಯ ಮುಂದೆ ಕೂರುವ ವೇಳೆಗೆ ಕೋಸಂಬರಿ ನೀರು ಬಿಟ್ಟಿರುತ್ತದೆ, ಪಲ್ಯದ ಪಾತ್ರೆಯ ತಳ ಕಾಣುತ್ತಿರುತ್ತದೆ. ಕೆಲಸದ ಕ್ರಮವನ್ನು ಮೊದಲೇ ಯೋಚಿಸಿಕೊಂಡರೆ, ಅಡುಗೆ ಮಾಡಿದವರೂ ಮೊದಲ ಪಂಕ್ತಿಯಲ್ಲೇ ಎಲ್ಲರ ಜೊತೆ ಕುಳಿತು ಉಣ್ಣಬಹುದು. ಹಳೇ ಮೈಸೂರು ಸೀಮೆಯ ಯುಗಾದಿ ಊಟದಲ್ಲಿ ಅನ್ನ, ತೊವ್ವೆಗಳ ಜೊತೆಗೆ ಎಲೆಗೆ ಬರುವ ಒಬ್ಬಟ್ಟು, ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ, ಹುರುಳಿಕಾಯಿ ಪಲ್ಯ ಮತ್ತು ಗಸಗಸೆ ಪಾಯಸವನ್ನು 8 ಜನರ ಲೆಕ್ಕದಲ್ಲಿ, ಮಧ್ಯಾಹ್ನ 1 ಗಂಟೆಗೆ ಎಲೆ ಹಾಕುವಂತೆ ಮಾಡಿ ಮುಗಿಸುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಹಿಂದಿನ ಸಂಜೆ: ಬೇಳೆ, ಕಟ್ಟು, ಹೂರಣ

ಈ ಊಟದ ಮೂಲ ಒಂದು ಪಾತ್ರೆ ಬೇಳೆ. ಬೆಂದ ಬೇಳೆಯಿಂದ ಒಬ್ಬಟ್ಟಿನ ಹೂರಣವೂ, ಬಸಿದ ಕಟ್ಟಿನಿಂದ ಸಾರೂ ಆಗುವುದರಿಂದ ಎರಡು ಅಡುಗೆಗಳ ರುಚಿ ಇಲ್ಲಿಯೇ ನಿರ್ಧಾರವಾಗುತ್ತದೆ. 400 ಗ್ರಾಂ ತೊಗರಿಬೇಳೆಯನ್ನು ತೊಳೆದು, ಅಗಲವಾದ ಪಾತ್ರೆಯಲ್ಲಿ ಎರಡೂವರೆ ಲೀಟರ್ ನೀರಿನ ಎಸರಿಟ್ಟು, ಅದು ಕುದಿ ಬಂದಾಗ ಬೇಳೆಯನ್ನೂ ಚಿಟಿಕೆ ಅರಿಶಿನವನ್ನೂ ಒಂದು ಚಮಚ ಎಣ್ಣೆಯನ್ನೂ ಹಾಕಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿ ಹೋಳಿಗೆಗೆ ಕಡಲೆಬೇಳೆ ಬಳಸುವುದೇ ಹೆಚ್ಚು. ಕ್ರಮ ಅದಕ್ಕೂ ಇದೇ, ಬೇಯುವ ಸಮಯ ಮಾತ್ರ ಸ್ವಲ್ಪ ಹೆಚ್ಚು. ಕುಕ್ಕರಿನ ಆಸೆ ಇಂದು ಬೇಡ. ಬೇಳೆ ಬೆರಳುಗಳ ನಡುವೆ ಒತ್ತಿದರೆ ಮೆತ್ತಗೆ ನುರಿಯಬೇಕು, ಆದರೆ ಪಾತ್ರೆಯಲ್ಲಿ ಕಾಳು ಕಾಳಾಗಿಯೇ ಕಾಣಬೇಕು, ಮತ್ತು ಆ ಹದವನ್ನು ಮುಚ್ಚಿದ ಕುಕ್ಕರಿನೊಳಗೆ ನೋಡಿ ತಿಳಿಯಲಾಗುವುದಿಲ್ಲ. ಕರಗಿಹೋದ ಬೇಳೆ ಕಟ್ಟನ್ನು ಗಂಜಿಯಂತೆ ಮಾಡುತ್ತದೆ, ಹೂರಣವನ್ನು ನೀರಾಗಿಸುತ್ತದೆ.

ಹದ ಬಂದ ಕೂಡಲೇ ಬೇಳೆಯನ್ನು ಬಸಿದು, ಕಟ್ಟನ್ನು ಬೇರೆ ಪಾತ್ರೆಗೆ ತೆಗೆದು, ಆರಿದ ಮೇಲೆ ಫ್ರಿಜ್ಜಿನಲ್ಲಿಡಬೇಕು. ಬೇಳೆಯನ್ನು ಹತ್ತು ನಿಮಿಷ ಜರಡಿಯಲ್ಲೇ ಬಿಟ್ಟು, ಉಳಿದ ನೀರೂ ಇಳಿದ ಮೇಲೆ 400 ಗ್ರಾಂ ಬೆಲ್ಲದ ಜೊತೆ ದಪ್ಪ ತಳದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೆದಕುತ್ತಿರಬೇಕು. ಬೆಲ್ಲದಲ್ಲಿ ಮಣ್ಣು ಕಸ ಇದ್ದರೆ ಮೊದಲೇ ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿಕೊಳ್ಳುವುದು ಒಳ್ಳೆಯದು. ಬೆಲ್ಲ ಸೇರಿದ ಬಳಿಕ ಬೇಳೆ ಮತ್ತೆ ಬೇಯುವುದಿಲ್ಲ. ಅರೆಬೆಂದ ಬೇಳೆ ಗಟ್ಟಿಯಾಗಿಯೇ ಉಳಿದು ಲಟ್ಟಿಸುವಾಗ ಕಣಕವನ್ನು ಹರಿದುಕೊಂಡು ಹೊರಗೆ ಬರುತ್ತದೆ. ಮಿಶ್ರಣ ಬಾಣಲೆಯ ಅಂಚು ಬಿಟ್ಟು ಮುದ್ದೆಯಾದಾಗ ಒಂದು ಬಟ್ಟಲು ಕಾಯಿತುರಿ ಮತ್ತು ಏಲಕ್ಕಿ ಪುಡಿ ಸೇರಿಸಿ, ಇನ್ನೆರಡು ನಿಮಿಷ ಕೆದಕಿ ಇಳಿಸಿ, ಆರಿದ ಮೇಲೆ ನೀರು ಸೋಕಿಸದೆ ನುಣ್ಣಗೆ ರುಬ್ಬಬೇಕು. ಒರಳಿನಲ್ಲಿ ರುಬ್ಬಿದ ಹೂರಣದ ನುಣುಪು ಮಿಕ್ಸಿಗೆ ಬರುವುದಿಲ್ಲವೆಂಬುದು ನಿಜವಾದರೂ, ಸ್ವಲ್ಪಸ್ವಲ್ಪವೇ ಹಾಕಿ ತಿರುಗಿಸಿದರೆ ಮಿಕ್ಸಿಯೂ ಕೆಲಸ ಕೆಡಿಸುವುದಿಲ್ಲ. ಅಷ್ಟಾಗಿಯೂ ಹೂರಣ ಸಡಿಲವಾದರೆ ಒಂದೆರಡು ಚಮಚ ಹುರಿಗಡಲೆ ಪುಡಿ ಬೆರೆಸಿ, ಅಥವಾ ಮತ್ತೆ ಬಾಣಲೆಗೆ ಹಾಕಿ ನೀರಿನಂಶ ಆರಿಸಿ. ಅದನ್ನು ನಿಂಬೆಹಣ್ಣಿನ ಗಾತ್ರಕ್ಕಿಂತ ತುಸು ದೊಡ್ಡದಾಗಿ ಉಂಡೆ ಕಟ್ಟಿದರೆ ಸುಮಾರು 20 ಉಂಡೆಗಳಾಗುತ್ತವೆ. ಸಾರಿಗಾಗಿ ಒಂದು ಹಿಡಿ ಹೂರಣವನ್ನು ಮರೆಯದೆ ಎತ್ತಿಡಬೇಕು.

ಬೆಳಿಗ್ಗೆ 7: ಕಣಕ

ಬೇವು-ಬೆಲ್ಲ ಹಂಚಿ ಮುಗಿದೊಡನೆ ಕಣಕ ಕಲಸಬೇಕು. 150 ಗ್ರಾಂ ಚಿರೋಟಿ ರವೆ, 150 ಗ್ರಾಂ ಮೈದಾ, ಚಿಟಿಕೆ ಉಪ್ಪು, ಅರಿಶಿನ. ನೀರು ಹಾಕಿ ಚಪಾತಿ ಹಿಟ್ಟಿಗಿಂತ ಬಹಳ ಮೆದುವಾಗಿ, ಕೈಗೆ ಅಂಟುವಷ್ಟು ಸಡಿಲವಾಗಿ ಕಲಸಿ, ಆರೇಳು ಚಮಚ ಎಣ್ಣೆಯನ್ನು ಆಗಾಗ ಸೇರಿಸುತ್ತ ಕಾಲು ಗಂಟೆ ನಾದಬೇಕು. ಬಳಿಕ ಮೇಲೆ ಇನ್ನಷ್ಟು ಎಣ್ಣೆ ಸುರಿದು ಮುಚ್ಚಿಡಿ. ರವೆ ನೀರು ಕುಡಿದು ಮೆತ್ತಗಾಗಲು ಕನಿಷ್ಠ ಎರಡೂವರೆ ಗಂಟೆ ಬೇಕು. ಒಂದು ತುಂಡನ್ನು ಎಳೆದರೆ ಹರಿಯದೆ ರಬ್ಬರಿನಂತೆ ಹಿಗ್ಗಬೇಕು. ಹಬ್ಬದ ಗಡಿಬಿಡಿಯಲ್ಲಿ ಈ ವಿಶ್ರಾಂತಿಯ ಸಮಯವನ್ನು ಕಡಿತ ಮಾಡುವವರೇ ಹೆಚ್ಚು, ಮತ್ತು ಒಡೆದ ಒಬ್ಬಟ್ಟುಗಳಲ್ಲಿ ಬಹುಪಾಲಿಗೆ ಅದೇ ಕಾರಣವೆಂಬುದು ನನ್ನ ಅನುಭವ.

ಇದೇ ವೇಳೆಯಲ್ಲಿ ಗಸಗಸೆ ಪಾಯಸವನ್ನು ಮಾಡಿಟ್ಟುಬಿಡಬಹುದು. ಬೇಳೆಯ ಹೋಳಿಗೆಯ ಪಕ್ಕದಲ್ಲಿ ಮತ್ತೆ ಬೇಳೆಯ ಪಾಯಸ ಭಾರವಾಗುತ್ತದೆ. ಗಸಗಸೆಯದು ತೆಳುವಾಗಿದ್ದು ಕುಡಿಯಲು ಹಿತವಾಗಿರುತ್ತದೆ. ನಾಲ್ಕು ದೊಡ್ಡ ಚಮಚ ಗಸಗಸೆಯನ್ನೂ ಎರಡು ಚಮಚ ಅಕ್ಕಿಯನ್ನೂ ಬೇರೆಬೇರೆಯಾಗಿ ಬೆಚ್ಚಗೆ ಹುರಿದು, ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ, ಒಂದೂವರೆ ಬಟ್ಟಲು ಕಾಯಿತುರಿಯೊಂದಿಗೆ ಗಂಧದಂತೆ ನುಣ್ಣಗೆ ರುಬ್ಬಬೇಕು. ಒಂದು ಲೀಟರ್ ನೀರಿಗೆ ಇದನ್ನು ಬೆರೆಸಿ, ತಳ ಹಿಡಿಯದಂತೆ ಕೈಯಾಡಿಸುತ್ತ ಹಸಿ ವಾಸನೆ ಹೋಗುವವರೆಗೆ ಕುದಿಸಿ, 250 ಗ್ರಾಂ ಬೆಲ್ಲ ಹಾಕಿ ಇನ್ನೈದು ನಿಮಿಷ ಕುದಿಸಿ ಇಳಿಸಬೇಕು. ಬಿಸಿ ಬೆಲ್ಲದ ಪಾಕಕ್ಕೆ ಹಾಲು ಬಿದ್ದರೆ ಒಡೆಯುವ ಸಂಭವವಿರುವುದರಿಂದ, ಕಾಯಿಸಿ ಆರಿಸಿದ ಅರ್ಧ ಲೀಟರ್ ಹಾಲನ್ನು ಬಡಿಸುವ ಸ್ವಲ್ಪ ಮೊದಲು, ಪಾಯಸವೂ ಉಗುರುಬೆಚ್ಚಗಾದ ಮೇಲೆ ಸೇರಿಸಿ.

ವಿದೇಶದಲ್ಲಿರುವ ಮಕ್ಕಳಿಗೆ ಹಬ್ಬದ ಸಾಮಾನು ಕಟ್ಟಿಕೊಡುವ ತಂದೆತಾಯಿಯರಿಗೆ ಇಲ್ಲೊಂದು ಮಾತು ಹೇಳಲೇಬೇಕು: ಸಂಯುಕ್ತ ಅರಬ್ ಎಮಿರೇಟ್ಸ್ ಮತ್ತು ಸಿಂಗಪುರದಲ್ಲಿ ಗಸಗಸೆ ನಿಷಿದ್ಧ ವಸ್ತು. ದುಬೈಗೆ ಹೋಗುವ ಪೆಟ್ಟಿಗೆಯಲ್ಲಿ ಅದರ ಸಣ್ಣ ಪೊಟ್ಟಣವನ್ನೂ ಇಡಬೇಡಿ. ಅಲ್ಲಿರುವವರು ಅದೇ ಅಳತೆಯ ಕಾಯಿ, ಬೆಲ್ಲಕ್ಕೆ ಮೂರು ನಾಲ್ಕು ಚಮಚ ಅಕ್ಕಿ ಹಾಕಿ ಅಕ್ಕಿ-ಕಾಯಿ ಪಾಯಸ ಮಾಡಿಕೊಳ್ಳಲಿ.

9 ಗಂಟೆ: ಸಾರು ಮತ್ತು ಚಿತ್ರಾನ್ನದ ಗೊಜ್ಜು

ಒಬ್ಬಟ್ಟಿನ ಸಾರು ಕುದಿದಷ್ಟೂ, ಕುದಿದು ಕುಳಿತಷ್ಟೂ ರುಚಿ. ಅರ್ಧ ಬಟ್ಟಲು ಕಾಯಿತುರಿ, ಮೂರು ಚಮಚ ಮನೆಯ ಸಾರಿನ ಪುಡಿ ಮತ್ತು ಎತ್ತಿಟ್ಟ ಹೂರಣವನ್ನು ಒಟ್ಟಿಗೆ ರುಬ್ಬಿ, ಕಟ್ಟಿಗೆ ಬೆರೆಸಿ, ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಉಪ್ಪು, ಕರಿಬೇವು ಹಾಕಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಬೇಕು. ಹೂರಣದ ಸಿಹಿ, ಹುಣಸೆಯ ಹುಳಿ, ಪುಡಿಯ ಖಾರ ಮೂರೂ ಸಮವಾಗಿ ನಾಲಿಗೆಗೆ ಸಿಗಬೇಕು. ಸಿಹಿ ಮುಂದಾಗಿದ್ದರೆ ಇನ್ನಷ್ಟು ಹುಣಸೆ ರಸ ಬಿಡಿ. ತುಪ್ಪದಲ್ಲಿ ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಮುಚ್ಚಿಡಿ. ಬಡಿಸುವಾಗ ಸೌಟನ್ನು ತಳಮುಟ್ಟ ಆಡಿಸದಿದ್ದರೆ ಮೊದಲಿನವರಿಗೆ ತಿಳಿ, ಕೊನೆಯವರಿಗೆ ಗಷ್ಟು ಸಿಗುತ್ತದೆ.

ಚೈತ್ರದ ಹೊಸ ಮಾವಿನಕಾಯಿ ಚಿತ್ರಾನ್ನಕ್ಕೆ ಮೀಸಲು. ಹುಳಿಯಾದ ದೊಡ್ಡ ಕಾಯಿಯೊಂದರ ತುರಿಯಲ್ಲಿ ಅರ್ಧವನ್ನು ಒಂದು ಬಟ್ಟಲು ಕಾಯಿತುರಿ, ಆರು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಸಾಸಿವೆ ಮತ್ತು ಚೂರು ಬೆಲ್ಲದೊಂದಿಗೆ ತರಿತರಿಯಾಗಿ ರುಬ್ಬಿ, ಕಡಲೆಕಾಯಿ ಬೀಜ, ಕಡಲೆಬೇಳೆ, ಉದ್ದಿನಬೇಳೆ, ಕರಿಬೇವಿನ ಧಾರಾಳ ಒಗ್ಗರಣೆಯಲ್ಲಿ ಉಳಿದ ತುರಿ ಹಾಗೂ ಉಪ್ಪಿನೊಂದಿಗೆ ಬಾಡಿಸಿಡಿ. 400 ಗ್ರಾಂ ಅಕ್ಕಿಯ ಅನ್ನವನ್ನು ಉದುರಾಗಿ ಮಾಡಿ, ತಟ್ಟೆಯಲ್ಲಿ ಹರಡಿ ಪೂರ್ತಿ ಆರಿದ ಮೇಲೆ ಕಲಸಿ. ಹೆಸರುಬೇಳೆಯನ್ನು ನೆನೆಹಾಕಬೇಕಾದದ್ದೂ ಈಗಲೇ. ಒಂದು ಲೋಟ ಸಾಕು.

10.30: ಕಾವಲಿ

ಒಬ್ಬಟ್ಟು ತಟ್ಟಲು ಇಬ್ಬರಿರಲಿ, ಒಬ್ಬರು ತಟ್ಟಲಿ, ಇನ್ನೊಬ್ಬರು ಬೇಯಿಸಲಿ. ಹೂರಣದ ಉಂಡೆಯ ಅರ್ಧದಷ್ಟು ಕಣಕವನ್ನು ಎಣ್ಣೆ ಸವರಿದ ಅಂಗೈಯಲ್ಲಿ ಅಗಲಿಸಿ, ಹೂರಣವನ್ನಿಟ್ಟು ಮುಚ್ಚಿ, ಬಾಯಿ ಮುಚ್ಚಿದ ಕಡೆ ಕೆಳಗಿರುವಂತೆ ಎಣ್ಣೆ ಸವರಿದ ಬಾಳೆಲೆಯ ಮೇಲಿಟ್ಟು ನಡುವಿನಿಂದ ಅಂಚಿನ ಕಡೆಗೆ ತಟ್ಟುತ್ತ ಹೋಗಬೇಕು. ಹೂರಣ ಮತ್ತು ಕಣಕ ಒಂದೇ ಮೃದುತ್ವದಲ್ಲಿದ್ದರೆ ಮಾತ್ರ ಎರಡೂ ಜೊತೆಯಾಗಿ ಹರಡುತ್ತವೆ. ಫ್ರಿಜ್ಜಿನಲ್ಲಿದ್ದ ಹೂರಣವನ್ನು ಒಂದು ಗಂಟೆ ಮೊದಲೇ ಹೊರಗೆ ತೆಗೆದಿಡುವುದು ಇದಕ್ಕಾಗಿ. ಕಾದ ಕಾವಲಿಗೆ ಎಲೆಯ ಸಮೇತ ಬೋರಲು ಹಾಕಿ, ಎಲೆ ಬಾಡಿ ಸಡಿಲವಾದಾಗ ಮೆಲ್ಲಗೆ ಬಿಡಿಸಿ, ನಡುಮಟ್ಟದ ಉರಿಯಲ್ಲಿ ಎರಡೂ ಬದಿಗೆ ಕಂದು ಚುಕ್ಕೆ ಬರುವಂತೆ ಬೇಯಿಸಿ. ಬಿಸಿಯಾದವನ್ನು ಒಂದರ ಮೇಲೊಂದು ಪೇರಿಸಿದರೆ ಹಬೆಗೆ ಅಂಟಿಕೊಳ್ಳುತ್ತವೆ. ಆದ್ದರಿಂದ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಆರಿದ ಬಳಿಕ ಜೋಡಿಸಿ. ಹನ್ನೆರಡು ಗಂಟೆಗೆ ಇಪ್ಪತ್ತೂ ಮುಗಿಯುತ್ತವೆ. ಊಟದ ಹೊತ್ತಿಗೆ ಕಾವಲಿಯ ಮೇಲೆ ಅರ್ಧ ನಿಮಿಷ ಬೆಚ್ಚಗೆ ಮಾಡಿದರೆ ಸಾಕು.

ಕಡೆಯ ಅರ್ಧ ಗಂಟೆ

ಮುಕ್ಕಾಲು ಕೆಜಿ ಹುರುಳಿಕಾಯಿಯನ್ನು ಸಣ್ಣಗೆ ಹೆಚ್ಚಿ, ಒಗ್ಗರಣೆಗೆ ಹಾಕಿ, ಹಸಿರು ಬಣ್ಣ ಉಳಿಯುವಂತೆ ಮುಚ್ಚಳವಿಡದೆ ಬೇಯಿಸಿ, ಕಾಯಿತುರಿ ಉದುರಿಸಿ. ಬಸಿದ ಹೆಸರುಬೇಳೆಗೆ ಎರಡು ಸೌತೆಕಾಯಿಯ ಸಣ್ಣ ಹೋಳು, ಕಾಯಿತುರಿ, ಕೊತ್ತಂಬರಿ, ಹಸಿಮೆಣಸಿನಕಾಯಿ, ಹುಳಿಗೆ ಎರಡು ಚಮಚ ಮಾವಿನ ತುರಿ ಸೇರಿಸಿ, ಇಂಗು-ಸಾಸಿವೆಯ ಒಗ್ಗರಣೆ ಕೊಡಿ. ಉಪ್ಪು ಸೌತೆಕಾಯಿಯಿಂದ ನೀರನ್ನು ಹೊರಗೆಳೆಯುವುದರಿಂದ, ಎಲೆಗಳನ್ನು ಹಾಕಿ ಆದ ಮೇಲೆಯೇ ಕೋಸಂಬರಿಗೆ ಉಪ್ಪು ಬೆರೆಸಬೇಕು.

ಬಾಳೆಲೆಯ ಕುಡಿ ಉಣ್ಣುವವರ ಎಡಕ್ಕಿರಲಿ. ಎಡ ತುದಿಗೆ ಉಪ್ಪು, ಉಪ್ಪಿನಕಾಯಿ, ಮೇಲ್ಭಾಗದಲ್ಲಿ ಕೋಸಂಬರಿ, ಪಲ್ಯ, ಚಿತ್ರಾನ್ನ, ಬಲಗಡೆಯ ಕೆಳಮೂಲೆಗೆ ಒಂದು ಚಮಚ ಪಾಯಸ ಬಡಿಸಿ, ಒಬ್ಬಟ್ಟಿನ ತಟ್ಟೆ, ತುಪ್ಪದ ಗಿಂಡಿ, ಸಾರಿನ ಪಾತ್ರೆಗಳನ್ನು ಪಂಕ್ತಿಯ ನಡುವೆ ಕೈಗೆಟಕುವಂತೆ ಇಟ್ಟರೆ ಬಡಿಸಲೆಂದು ಯಾರೂ ಎದ್ದು ನಿಲ್ಲಬೇಕಾಗಿಲ್ಲ. ಒಲೆ ಆರಿಸಿ, ಅಡುಗೆ ಮಾಡಿದವರೂ ಕೈತೊಳೆದು ಬಂದು ಕೂರಲಿ. ಕಾಯಿ ಸೇರಿರುವುದರಿಂದ ಮಿಕ್ಕ ಒಬ್ಬಟ್ಟನ್ನು ಈ ಬಿಸಿಲಿನಲ್ಲಿ ಸಂಜೆಯವರೆಗಷ್ಟೇ ಹೊರಗಿಡಬಹುದು, ಆಮೇಲೆ ಫ್ರಿಜ್ಜಿಗೆ ಸೇರಿಸಿ. ಸಾರನ್ನು ರಾತ್ರಿ ಮತ್ತೊಮ್ಮೆ ಕುದಿಸಿಟ್ಟರೆ ಮರುದಿನ ಬೆಳಿಗ್ಗೆ ಬಿಸಿ ಅನ್ನಕ್ಕೆ, ಹಬ್ಬದ ದಿನಕ್ಕಿಂತ ಒಂದು ತೂಕ ಹೆಚ್ಚೇ ಚೆನ್ನಾಗಿರುತ್ತದೆ.