ಕೋಹಾದಲ್ಲಿ ಕನ್ನಡ ಪುಸ್ತಕ ಕನ್ನಡದಲ್ಲೇ ಸಿಗಬೇಕೆಂದರೆ

ನಮ್ಮ ಕಾಲೇಜು ಗ್ರಂಥಾಲಯದಲ್ಲಿ ಪುಸ್ತಕ 22 ಸಾವಿರದ ಆಸುಪಾಸು. ಅರ್ಧಕ್ಕಿಂತ ಹೆಚ್ಚು ಕನ್ನಡ, ಒಂದೆರಡು ಸಾವಿರ ಮರಾಠಿ, ಉಳಿದದ್ದು ಇಂಗ್ಲಿಷ್. ನಮ್ಮ ಕಡೆಯ ಜಮಖಂಡಿ 1948ರವರೆಗೆ ಪಟವರ್ಧನ ಎಂಬ ಮರಾಠಿ ಮನೆತನದ ಸಂಸ್ಥಾನ. ಈ ಕಡೆಯ ಹಳೆಯ ಕಪಾಟುಗಳಲ್ಲಿ ಮರಾಠಿ ಸಿಗದಿದ್ದರೇ ಆಶ್ಚರ್ಯ. ಇದನ್ನೆಲ್ಲ ಕೋಹಾ ಎಂಬ ಉಚಿತ ಗ್ರಂಥಾಲಯ ತಂತ್ರಾಂಶಕ್ಕೆ ಹಾಕುತ್ತೇವೆ, ಆಯಾ ಲಿಪಿಯಲ್ಲೇ ಹಾಕುತ್ತೇವೆ ಎಂದಾಗ ಎಲ್ಲ ಕಡೆಯಿಂದ ಬಂದದ್ದು ಒಂದೇ ಉತ್ತರ: "ಕನ್ನಡದಾಗ ಹಾಕಿದ್ರ ಸರ್ಚ್ ಆಗೂದಿಲ್ರೀ ಸರ್, ಇಂಗ್ಲಿಷ್ ಅಕ್ಷರದಾಗ ಹಾಕ್ರಿ." ಹಾಗೆ ಹಾಕಿ ಕೂತವರು ಬಾಗಲಕೋಟೆಯಲ್ಲೂ ಇದ್ದಾರೆ, ವಿಜಯಪುರದಲ್ಲೂ ಇದ್ದಾರೆ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಕೋಹಾವನ್ನು ಇನ್‌ಸ್ಟಾಲ್ ಮಾಡಿ ಹಾಗೇ ಬಿಟ್ಟರೆ ಕನ್ನಡ ನಿಜಕ್ಕೂ ಸರಿಯಾಗಿ ಸಿಗುವುದಿಲ್ಲ. ಎರಡು ಮೂರು ಕಡತ ತಿದ್ದಿ, ಡೇಟಾ ತೊಳೆದರೆ ಸಿಗುತ್ತದೆ. ನಮ್ಮಲ್ಲಿ ಈಗ ಸಿಗುತ್ತಿದೆ, ಆಗೂದಿಲ್ಲ ಅಂದವರೇ ಫೋನ್ ಮಾಡಿ ಕೇಳುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಹೊರಗಿನವರ ಕೊಟೇಶನ್ ಒಂದೂವರೆ ಲಕ್ಷದ ಹತ್ತಿರ ಇತ್ತು, ಮೇಲೆ ವರ್ಷಕ್ಕೆ 20–25 ಸಾವಿರ ನಿರ್ವಹಣೆ, ಕನ್ನಡಕ್ಕೆ ಗ್ಯಾರಂಟಿ ಇಲ್ಲ. ನಮ್ಮ ಒಟ್ಟು ಖರ್ಚು 60 ಸಾವಿರ ದಾಟಲಿಲ್ಲ. 8 ಜಿಬಿ ರ‍್ಯಾಮ್ ಇರುವ ಸೆಕೆಂಡ್‌ಹ್ಯಾಂಡ್ ಐ5 ಯಂತ್ರ, ಅದಕ್ಕೆ ಹೊಸ ಎಸ್‌ಎಸ್‌ಡಿ ಸೇರಿ 18 ಸಾವಿರದಷ್ಟು. ಲೇಬಲ್ ಪ್ರಿಂಟರಿಗೆ 13–14 ಸಾವಿರ. 1 ಕೆವಿಎ ಯುಪಿಎಸ್ 6 ಸಾವಿರ, ಸ್ಕ್ಯಾನರ್ ಎರಡಕ್ಕೆ 3 ಸಾವಿರ, ಲೇಬಲ್ ರೋಲ್ ಮತ್ತು ರಿಬ್ಬನ್‌ಗೆ ಹತ್ತು, ಡೇಟಾ ತಿದ್ದಿದ ಹುಡುಗರ ಗೌರವಧನ ಏಳೆಂಟು ಸಾವಿರ. ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ತಂತ್ರಾಂಶ ಹಾಕಿದರೆ ಕನ್ನಡ ತಾನಾಗಿ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ಅದು ಜಾವಾ ಮೇಲೆ ನಡೆಯುವಂಥದ್ದು. ಕೋಹಾಕ್ಕೆ ಬೇಕಾದ ಮರಿಯಾಡಿಬಿ (ಡೇಟಾಬೇಸ್) ಮತ್ತು ಪ್ಲ್ಯಾಕ್ (ವೆಬ್ ಪುಟ ಒದಗಿಸುವುದು) ಜೊತೆಗೆ ಅದನ್ನೂ 8 ಜಿಬಿಯಲ್ಲಿ ಕೂಡಿಸಿದರೆ ಯಂತ್ರ ತಡವರಿಸುತ್ತದೆ. ಕೋಹಾದ ಜೊತೆಗೇ ಬರುವ ಹುಡುಕಾಟದ ತಂತ್ರಾಂಶ ಝೀಬ್ರಾ ಸಾಕು.

ಡೆಬಿಯನ್ ಲಿನಕ್ಸ್ ಮೇಲೆ ಕೋಹಾ ಏರಿಸುವುದು ನಿಮಗೆಲ್ಲ ಗೊತ್ತಿರುವುದೇ. ನಾನು ಝೀಬ್ರಾದಿಂದಲೇ ಶುರು ಮಾಡುತ್ತೇನೆ.

ಪ್ಯಾಕೇಜಿನಿಂದ ಬರುವ ಝೀಬ್ರಾ ಸೆಟ್ಟಿಂಗ್ ಸಿಎಚ್‌ಆರ್ ಎಂಬ ಅಕ್ಷರಪಟ್ಟಿಯನ್ನು ನೆಚ್ಚಿಕೊಂಡಿದೆ. ಆ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗ ಇಲ್ಲ. ಅದರ ಬದಲು ಐಸಿಯು, ಅಂದರೆ ಯೂನಿಕೋಡ್ ಲಿಪಿಗಳನ್ನು ನಿಭಾಯಿಸುವ ಸಾಧನ, ಬಳಸಬೇಕು. ಝೀಬ್ರಾಡಿಬಿ ಫೋಲ್ಡರಿನ ಇಟಿಸಿಯಲ್ಲಿ ಡಿಫಾಲ್ಟ್ ಐಡಿಎಕ್ಸ್ ಎಂಬ ಕಡತ ಇದೆ. ಅದರಲ್ಲಿ ಇಂಡೆಕ್ಸ್ ಡಬ್ಲ್ಯು (ಬಿಡಿ ಶಬ್ದಗಳ ಸೂಚಿ) ಕೆಳಗಿನ ಚಾರ್‌ಮ್ಯಾಪ್ ಸಾಲಿನ ಮುಂದೆ ಹ್ಯಾಶ್ ಹಾಕಿ, ಅದರ ಜಾಗದಲ್ಲಿ ಐಸಿಯು-ಚೈನ್ ಸಾಲು ಬರೆದು ವರ್ಡ್ಸ್-ಐಸಿಯು ಕಡತವನ್ನು ತೋರಿಸಿ. ಇಂಡೆಕ್ಸ್ ಪಿ (ಪದಗುಚ್ಛಗಳ ಸೂಚಿ) ಕೆಳಗೆ ಹೀಗೆಯೇ ಫ್ರೇಸಸ್-ಐಸಿಯು. ಆಮೇಲೆ ಸಿಸ್ಟಮ್ ಪ್ರಿಫರೆನ್ಸ್‌ನಲ್ಲಿ ಐಸಿಯು ಶೈಲಿಯ ಕೋಟ್ಸ್ ಆನ್ ಮಾಡಿ, ಝೀಬ್ರಾ ರೀಸ್ಟಾರ್ಟ್ ಮಾಡಿ, ಪೂರ್ತಿ ರೀಬಿಲ್ಡ್ (ಇಡೀ ಸೂಚಿಯನ್ನು ಹೊಸದಾಗಿ ಕಟ್ಟುವುದು) ಕೊಡಿ. ಹೊಸ ದಾಖಲೆಗಳಿಗಷ್ಟೇ ಇಂಡೆಕ್ಸ್ ಮಾಡಿದರೆ ಸಾಲದು; ಹಳೆಯ ಇಂಡೆಕ್ಸ್ ಒಂದು ನಿಯಮದಲ್ಲಿ, ಹೊಸದು ಇನ್ನೊಂದರಲ್ಲಿ ಉಳಿದು, ಅರ್ಧ ಪುಸ್ತಕ ಸಿಕ್ಕು ಅರ್ಧ ಸಿಗುವುದಿಲ್ಲ.

ಹೆಚ್ಚಿನವರು ಇಲ್ಲಿಗೆ ನಿಲ್ಲುತ್ತಾರೆ. ನಿಜವಾದ ತೊಡಕು ಇದರ ಮುಂದಿದೆ. ನಿಮ್ಮ ಆವೃತ್ತಿಯ ಐಸಿಯು ಕಡತ ತೆರೆದು, ಅದರಲ್ಲಿ ನಾನ್‌ಸ್ಪೇಸಿಂಗ್ ಚಿಹ್ನೆಗಳನ್ನು (ಸ್ವಂತ ಜಾಗ ಹಿಡಿಯದೆ ಅಕ್ಷರಕ್ಕೆ ಅಂಟುವಂಥವು) ತೆಗೆದುಹಾಕುವ ಸಾಲು ಇದೆಯೇ ನೋಡಿ. ಫ್ರೆಂಚ್, ಜರ್ಮನ್ ಅಕ್ಷರಗಳ ತಲೆಯ ಮೇಲಿನ ಗುರುತು ಅಳಿಸಲು ಬರೆದ ಸಾಲು ಅದು. ಯೂನಿಕೋಡ್ ಲೆಕ್ಕದಲ್ಲಿ ಕನ್ನಡದ ಗುಡಿಸು, ಎತ್ವ, ಅರ್ಧಾಕ್ಷರದ ಹಲಂತ ಮೂರೂ ಅದೇ ಗುಂಪಿಗೆ ಸೇರುತ್ತವೆ. ಸಾಲು ಹಾಗೇ ಇದ್ದರೆ ಕಲೆ, ಕಲಿ, ಕಲ್ ಮೂರೂ ಇಂಡೆಕ್ಸ್‌ನಲ್ಲಿ "ಕಲ" ಆಗಿ ಕೂರುತ್ತವೆ. ಇನ್ನೂ ತಮಾಷೆ ಎಂದರೆ "ಕೊ" ಅಕ್ಷರವನ್ನು ಅದು ಮೊದಲು ಎತ್ವ ಮತ್ತು ಊಕಾರ ಎಂದು ಬಿಡಿಸುತ್ತದೆ, ಆಮೇಲೆ ಎತ್ವ ಅಳಿಸುತ್ತದೆ. ಉಳಿಯುವುದು "ಕೂ". ಕೊಡ ಎಂದು ಹುಡುಕಿದವನಿಗೆ ಕೂಡ ಸಿಗುತ್ತದೆ. ಮರಾಠಿಯ ಗತಿಯೂ ಇದೇ: ಅಲ್ಲಿ ಉಕಾರ, ಏಕಾರ, ಅನುಸ್ವಾರ ಮಾಯ. ಫಲಿತಾಂಶ ಬರುತ್ತದೆ, ಆದರೆ ಬೇಡದ್ದೂ ರಾಶಿರಾಶಿ ಬರುತ್ತದೆ. ಜನ "ಕೋಹಾಕ್ಕೆ ಕನ್ನಡ ಬರುವುದಿಲ್ಲ" ಎಂದು ಕೈತೊಳೆದುಕೊಳ್ಳುತ್ತಾರೆ. ಆ ಅಳಿಸುವ ನಿಯಮ ಲ್ಯಾಟಿನ್ ಅಕ್ಷರಗಳಿಗೆ ಮಾತ್ರ ತಾಗುವಂತೆ ಕಟ್ಟಿ, ಇಲ್ಲವೇ ಪೂರ್ತಿ ತೆಗೆಯಿರಿ. ನಾನು ತೆಗೆದೆ. ನಮ್ಮಲ್ಲಿ ಫ್ರೆಂಚ್ ಪುಸ್ತಕ ನಾಲ್ಕೂ ಇಲ್ಲ.

ಅದೇ ಕಡತದಲ್ಲಿ ಇನ್ನೊಂದು ಸಾಲು ಸೇರಿಸಬೇಕು: ಕಣ್ಣಿಗೆ ಕಾಣದ ಜೋಡಕ ಮತ್ತು ಬಿಡಿಸಕ ಚಿಹ್ನೆಗಳನ್ನು (ಯೂನಿಕೋಡ್ 200ಡಿ, 200ಸಿ) ತೆಗೆಯುವ ನಿಯಮ. ಒಬ್ಬರು "ರಾಜ್‌ಕುಮಾರ್" ಎಂದು ಬಿಡಿಸಿ ಬರೆದಿರುತ್ತಾರೆ, ಇನ್ನೊಬ್ಬರು "ರಾಜ್ಕುಮಾರ್" ಎಂದು ಹುಡುಕುತ್ತಾರೆ. ಇದನ್ನು ಡೇಟಾದಲ್ಲೇ ಅಳಿಸಲು ಹೋಗಬೇಡಿ, ಓಪ್ಯಾಕ್ (ಓದುಗರು ಹುಡುಕುವ ಪುಟ) ಮೇಲೆ ಹೆಸರುಗಳೇ ಕೆಡುತ್ತವೆ. ಇಂಡೆಕ್ಸ್‌ನಲ್ಲಿ ಮಾತ್ರ ಅಳಿಸಿ.

ಪ್ರಿಫರೆನ್ಸ್‌ಗಳಲ್ಲಿ ಕ್ವೆರಿ ಸ್ಟೆಮ್ಮಿಂಗ್ (ಶಬ್ದವನ್ನು ಮೂಲರೂಪಕ್ಕೆ ಇಳಿಸಿ ಹುಡುಕುವುದು) ಆಫ್, ಆಟೊ ಟ್ರಂಕೇಟ್ (ಶಬ್ದದ ಬಾಲದಲ್ಲಿ ಏನಿದ್ದರೂ ಹುಡುಕುವುದು) ಆನ್. ಕನ್ನಡದಲ್ಲಿ ಪ್ರತ್ಯಯ ಬಾಲಕ್ಕೆ ಅಂಟುವುದರಿಂದ ಬೆಳಗಾವಿ ಎಂದರೆ ಬೆಳಗಾವಿಯ, ಬೆಳಗಾವಿಯಲ್ಲಿ ಎಲ್ಲ ಸಿಗುತ್ತವೆ. ಊರು ಎಂದರೆ ಊರಿನ ಸಿಗುವುದಿಲ್ಲ, ಅಷ್ಟು ಬಿಡಬೇಕು.

ಇನ್ನು ಡೇಟಾ. ನಮ್ಮ ಹಳೆಯ ಎಕ್ಸೆಲ್ ಯೂನಿಕೋಡ್‌ಗೆ ಮುಂಚಿನ ನುಡಿ ಅಕ್ಷರದಲ್ಲಿತ್ತು. ಕನ್ವರ್ಟರ್‌ಗೆ ಕೊಟ್ಟರೆ ನೂರಕ್ಕೆ ತೊಂಬತ್ತು ಸರಿ ಬರುತ್ತದೆ, ಉಳಿದ ಹತ್ತು ತಲೆ ತಿನ್ನುತ್ತದೆ. ಮುಖ್ಯವಾಗಿ ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ವ್ಯಂಜನದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮುಂದೆ ಬರಬೇಕು. ಜಾಗ ತಪ್ಪಿದರೆ ಸೂರ್ಯ "ಸೂಯರ್" ಆಗುತ್ತಾನೆ, ಕರ್ನಾಟಕ "ಕನಾರ್ಟಕ" ಆಗುತ್ತದೆ. ಒಂದೇ ಏಟಿಗೆ ಎಲ್ಲವನ್ನೂ ತಿರುಗಿಸಲು ಹೋದರೆ ಸರಿ ಇದ್ದ ಕಂಪ್ಯೂಟರ್ "ಕಂಪ್ಯೂರ್ಟ" ಆಗಿ ನಿಲ್ಲುತ್ತದೆ. ಕೊನೆಯಲ್ಲಿ ರಕಾರ ನಿಜವಾಗಿಯೂ ಇರುವ ಇಂಗ್ಲಿಷ್ ಮೂಲದ ಶಬ್ದಗಳದ್ದೊಂದು ಪಟ್ಟಿ ಮಾಡಿ, ಅವನ್ನು ಬಿಟ್ಟು ಉಳಿದದ್ದನ್ನು ತಿದ್ದುವ ಮ್ಯಾಕ್ರೊ ಬರೆದೆ. ಆ ಪಟ್ಟಿ ಇಲ್ಲಿ ಹಾಕುವುದಿಲ್ಲ. ನಿಮ್ಮ ಸಂಗ್ರಹಕ್ಕೆ ನಿಮ್ಮದೇ ಪಟ್ಟಿ ಬೇಕಾಗುತ್ತದೆ, ಜೊತೆಗೆ ನಮ್ಮದಕ್ಕೆ ಬಿದ್ದ ಶ್ರಮ ಸಣ್ಣದಲ್ಲ.

ತಿದ್ದಿದ ಮೇಲೆ ಇಡೀ ಹಾಳೆಯನ್ನು ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಚಿಹ್ನೆಗಳನ್ನು ಕೂಡಿಸಿದ ಯೂನಿಕೋಡ್ ರೂಪ) ತನ್ನಿ. "ಕೊ" ಒಂದು ಕಡೆ ಒಂದೇ ಸಂಕೇತದ ಸ್ವರಚಿಹ್ನೆಯೊಂದಿಗೆ, ಇನ್ನೊಂದು ಕಡೆ ಎತ್ವ ಮತ್ತು ಊಕಾರ ಬೇರೆಬೇರೆಯಾಗಿ ಕೂತಿದ್ದರೂ ಪರದೆಯ ಮೇಲೆ ಒಂದೇ ಥರ ಕಾಣುತ್ತದೆ, ಹುಡುಕಿದರೆ ಎರಡರಲ್ಲಿ ಒಂದಷ್ಟೇ ಸಿಗುತ್ತದೆ. ಪ್ರಕಟಣೆಯ ವರ್ಷ ೧೯೭೫ ಎಂದಿದ್ದರೆ 1975 ಮಾಡಿ, ಮಾರ್ಕ್ 21ರ (ಗ್ರಂಥಾಲಯ ದಾಖಲೆಯ ಪ್ರಮಾಣಿತ ನಮೂನೆ, ಅದರ ಪ್ರತಿ ಅಂಕಣಕ್ಕೂ ಒಂದು ಸಂಖ್ಯೆ) 008ರಲ್ಲೂ ತುಂಬಿ. 008ರ 35ರಿಂದ 37ನೇ ಸ್ಥಾನದಲ್ಲಿ ಭಾಷೆಯ ಸಂಕೇತ ಇಲ್ಲದಿದ್ದರೆ ಭಾಷೆ ಆರಿಸಿ ಹುಡುಕಲು ಬರುವುದಿಲ್ಲ. ಕನ್ನಡಕ್ಕೆ ಕೆಎಎನ್, ಮರಾಠಿಗೆ ಎಂಎಆರ್.

ಎಕ್ಸೆಲ್‌ನಿಂದ ಸಾದಾ ಸಿಎಸ್‌ವಿ ತೆಗೆದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ, ಬಾರ್‌ಕೋಡಿನ ಮುಂದಿನ ಸೊನ್ನೆಗಳೂ ಹೋಗುತ್ತವೆ. ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿ, ಲಿಬ್ರೆಆಫೀಸ್‌ನಲ್ಲಿ ಯುಟಿಎಫ್-8 ಆರಿಸಿ ಸೇವ್ ಮಾಡಿ. ಮಾರ್ಕ್‌ಎಡಿಟ್ ತಂತ್ರಾಂಶದಲ್ಲಿ ಅದನ್ನು ಮಾರ್ಕ್ ನಮೂನೆಗೆ ಪರಿವರ್ತಿಸುವಾಗ ಲೀಡರಿನ (ದಾಖಲೆಯ ತಲೆಸಾಲು) 9ನೇ ಸ್ಥಾನದಲ್ಲಿ ಇಂಗ್ಲಿಷ್ ಸಣ್ಣ ಎ ಇರಲೇಬೇಕು. ಅದು ಖಾಲಿ ಇದ್ದರೆ ಕೋಹಾ ಆ ದಾಖಲೆಯನ್ನು ಹಳೆಯ ಮಾರ್ಕ್-8 ಅಕ್ಷರಸಂಕೇತದಲ್ಲಿದೆ ಎಂದು ಓದಿ ಕನ್ನಡವನ್ನು ಕಸ ಮಾಡುತ್ತದೆ. ಮೊದಲ ಇಂಪೋರ್ಟ್ ಕೆಟ್ಟಿದೆ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಇದನ್ನೇ, ಹೆಚ್ಚುಕಡಿಮೆ ಯಾವಾಗಲೂ ಇದೇ ಆಗಿರುತ್ತದೆ.

952ರಲ್ಲಿ (ಪುಸ್ತಕದ ಪ್ರತಿಯ ವಿವರದ ಅಂಕಣ) ದಿನಾಂಕ ವರ್ಷ-ತಿಂಗಳು-ದಿನ ಕ್ರಮದಲ್ಲೇ ಇರಬೇಕು. ಹಳೆಯ ರಿಜಿಸ್ಟರುಗಳಲ್ಲಿ ಸಾಮಾನ್ಯ ವಿಭಾಗಕ್ಕೊಂದು, ಬುಕ್ ಬ್ಯಾಂಕಿಗೊಂದು ಅಕ್ಸೆಶನ್ (ಪುಸ್ತಕ ದಾಖಲಾತಿ ಸಂಖ್ಯೆ) ಸರಣಿ ಇರುತ್ತದೆ, ಎರಡರಲ್ಲೂ 1ರಿಂದ ಶುರು. ಹಾಗೇ ಏರಿಸಿದರೆ ಎರಡನೆಯ ಪುಸ್ತಕದ ಶೀರ್ಷಿಕೆ ಒಳಗೆ ಹೋಗುತ್ತದೆ, ಪ್ರತಿ ಹೋಗುವುದಿಲ್ಲ, ಬಾರ್‌ಕೋಡ್ ಡೂಪ್ಲಿಕೇಟ್ ಎಂದು ಕೈಬಿಡುತ್ತದೆ. ಬುಕ್ ಬ್ಯಾಂಕಿಗೆ ಮುಂದೊಂದು ಅಕ್ಷರ ಹಚ್ಚಿಬಿಡಿ. ಒಂದು ಬ್ಯಾಚ್‌ಗೆ 500ರಿಂದ 1,000 ದಾಖಲೆ ಸಾಕು. ತಪ್ಪಿದರೆ ಅನ್‌ಡು ಕೊಟ್ಟು ಆ ಬ್ಯಾಚನ್ನಷ್ಟೇ ಹಿಂದೆ ತೆಗೆಯಬಹುದು.

ಲೇಖಕರ ಹೆಸರಿನಲ್ಲಿ ಚುಕ್ಕಿಯ ನಂತರ ಜಾಗ ಬಿಡಿ. ಇದು ಚಿಲ್ಲರೆ ವಿಷಯ ಎನಿಸಬಹುದು, ಆದರೆ ಅಲ್ಲ. "ಫ.ಗು.ಹಳಕಟ್ಟಿ" ಎಂದು ಒತ್ತಾಗಿ ಬರೆದರೆ ಐಸಿಯುಗೆ ಅದು ಒಂದೇ ಶಬ್ದ, ಏಕೆಂದರೆ ಎರಡು ಅಕ್ಷರಗಳ ನಡುವಿನ ಚುಕ್ಕಿಯಲ್ಲಿ ಅದು ಶಬ್ದ ಒಡೆಯುವುದಿಲ್ಲ. ಹಳಕಟ್ಟಿ ಎಂದು ಹುಡುಕಿದರೆ ಸೊನ್ನೆ. ವಿಜಯಪುರದ ಮಗ್ಗುಲಲ್ಲೇ ಇದ್ದು ಹಳಕಟ್ಟಿಯವರು ಸಿಗದ ಓಪ್ಯಾಕ್ ಇಟ್ಟುಕೊಂಡು ಏನು ಮಾಡುವುದು? 100ರಲ್ಲಿ (ಲೇಖಕರ ಅಂಕಣ) "ಹಳಕಟ್ಟಿ, ಫ. ಗು." ಎಂದು ಹಾಕಿ. ಕಾವ್ಯನಾಮಗಳಿಗೆ ಅಥಾರಿಟಿ ದಾಖಲೆ (ಒಬ್ಬ ಲೇಖಕರ ಬೇರೆಬೇರೆ ಹೆಸರುಗಳನ್ನು ಕೂಡಿಸುವಂಥದ್ದು) ಮಾಡಿ: 100ರಲ್ಲಿ ಬೆಟಗೇರಿ ಕೃಷ್ಣಶರ್ಮ, 400ರಲ್ಲಿ ಆನಂದಕಂದ. ಇನ್‌ಕ್ಲೂಡ್ ಸೀ ಫ್ರಮ್ ಇನ್ ಸರ್ಚಸ್ ಎಂಬ ಪ್ರಿಫರೆನ್ಸ್ ಆನ್ ಮಾಡಿ ರೀಬಿಲ್ಡ್ ಕೊಟ್ಟರೆ ಯಾವ ಹೆಸರಿನಿಂದ ಹುಡುಕಿದರೂ ಪುಸ್ತಕ ಬರುತ್ತದೆ. ಪುಸ್ತಕದ ದಾಖಲೆ ಅಥಾರಿಟಿಗೆ ಲಿಂಕ್ ಆಗಿರಬೇಕು, ಇಲ್ಲದಿದ್ದರೆ ಇದು ಕೆಲಸ ಮಾಡುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಒಂದು ಸತ್ಯ ತಿಳಿಯಿತು: ಹುಡುಗರು ಕನ್ನಡದಲ್ಲಿ ಟೈಪ್ ಮಾಡುವುದೇ ಇಲ್ಲ. ವಾಟ್ಸಾಪ್‌ನಲ್ಲಿ ಬರೆಯುವ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಾರೆ. ಲೈಬ್ರರಿ ಆಫ್ ಕಾಂಗ್ರೆಸ್‌ನ ದಾಖಲೆಗಳಲ್ಲಿ ಕನ್ನಡ ಶೀರ್ಷಿಕೆ ರೋಮನ್ ಲಿಪಿಯಲ್ಲಿ ಸಿಗುತ್ತದೆ ನಿಜ, ಆದರೆ ಅದು ವಿದ್ವಾಂಸರ ಲಿಪ್ಯಂತರ. ನಮ್ಮ ಹುಡುಗರ ಕಾಗುಣಿತಕ್ಕೆ ತಾಳೆಯಾಗುವುದಿಲ್ಲ. 245ರಲ್ಲಿ (ಮುಖ್ಯ ಶೀರ್ಷಿಕೆ) ಕನ್ನಡವನ್ನೇ ಉಳಿಸಿ, 246ರಲ್ಲಿ (ಪರ್ಯಾಯ ಶೀರ್ಷಿಕೆ) ವಾಟ್ಸಾಪ್ ಕಾಗುಣಿತದ ಶೀರ್ಷಿಕೆಯನ್ನು ಯಂತ್ರದಿಂದಲೇ ತುಂಬಿಸಿದೆ. ದೀರ್ಘಸ್ವರವನ್ನು ಜನ ಎರಡು ಥರ ಬರೆಯುತ್ತಾರೆ, ಹಾಗಾಗಿ 246 ಎರಡೆರಡು. ಯಾವ ಅಕ್ಷರಕ್ಕೆ ಯಾವುದು ಎಂಬ ಕೋಷ್ಟಕ ನನ್ನ ಬಳಿಯೇ ಇರಲಿ. ವರ್ಗೀಕರಣದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಕಾದಂಬರಿ ಎಲ್ಲವೂ 894.8143ಕ್ಕೇ ಬಂದು ಬೀಳುತ್ತವೆ, ಲೇಖಕರ ಗುರುತು ಮೂರಕ್ಷರ ಬೇಕೇ ಬೇಕು.

ಲೇಬಲ್ ವಿಷಯದಲ್ಲಿ ಕೋಹಾದ ಲೇಬಲ್ ಕ್ರಿಯೇಟರ್ ನೆಚ್ಚಬೇಡಿ. ಅಂಕಿ, ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಕನ್ನಡ ಹಾಕಿದರೆ ಚೌಕಗಳು, ಅಥವಾ ಒತ್ತಕ್ಷರ ಕಳಚಿ ಬೀಳುತ್ತದೆ. ಬ್ಯಾಚನ್ನು ಸಿಎಸ್‌ವಿ ಆಗಿ ತೆಗೆದು ಲಿಬ್ರೆಆಫೀಸ್ ಮೇಲ್ ಮರ್ಜ್‌ನಿಂದ ಮುದ್ರಿಸಿ. 50×25 ಮಿಮೀ ಲೇಬಲ್, ಬಾರ್‌ಕೋಡಿನ ಬಗೆ ಕೋಡ್ 128. ಡೈರೆಕ್ಟ್ ಥರ್ಮಲ್ (ರಿಬ್ಬನ್ ಇಲ್ಲದೆ ಶಾಖದಿಂದ ಮುದ್ರಿಸುವುದು) ಅಗ್ಗ, ಆದರೆ ನಮ್ಮ ಬಿಸಿಲಿಗೆ ಅದು ಉಳಿಯುವುದಿಲ್ಲ, ಕಪ್ಪಾಗುತ್ತದೆ ಇಲ್ಲವೇ ಮಾಸುತ್ತದೆ. ಟ್ರಾನ್ಸ್‌ಫರ್ ಪ್ರಿಂಟರಿನಲ್ಲೂ ಬರೀ ವ್ಯಾಕ್ಸ್ ರಿಬ್ಬನ್ ಬೆರಳು ತಾಗಿ ಅಳಿಸುತ್ತದೆ. ವ್ಯಾಕ್ಸ್-ರೆಸಿನ್ ತರಿಸಿ, ರೋಲಿಗೆ ನೂರು ರೂಪಾಯಿ ಆಚೀಚೆ ಅಷ್ಟೇ.

ನಡುವೆ ಟೆಸರಾಕ್ಟ್ (ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ಹಾಕಿ ಶೀರ್ಷಿಕೆ ಪುಟಗಳನ್ನು ಫೋಟೊ ತೆಗೆದು ಕನ್ನಡ ಓದಿಸಿಯೂ ನೋಡಿದೆ. ಈಚಿನ ಡಿಟಿಪಿ ಪುಸ್ತಕಕ್ಕೆ ಪರವಾಗಿಲ್ಲ. ಮೊಳೆ ಜೋಡಿಸಿ ಅಚ್ಚು ಮಾಡಿದ ಹಳೆಯವುಗಳಲ್ಲಿ ಒತ್ತಕ್ಷರವೆಲ್ಲ ಎಡವಟ್ಟು. ತಿದ್ದುವ ಹೊತ್ತಿಗೆ ಎರಡು ಪುಸ್ತಕ ಟೈಪ್ ಆಗುತ್ತದೆ. ಬಿಟ್ಟೆ. ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ, ಬ್ರೌಸರನ್ನು ಕಿಯೋಸ್ಕ್ ಮೋಡ್‌ನಲ್ಲಿ ಓಪ್ಯಾಕ್‌ಗೆ ನಿಲ್ಲಿಸಿದ್ದು ಮಾತ್ರ ಚೆನ್ನಾಗಿ ಫಲಿಸಿತು, ಖರ್ಚು ಸೊನ್ನೆ.

ಬ್ಯಾಕಪ್ ಕೋಹಾ ತಾನೇ ದಿನಾ ತೆಗೆಯುತ್ತದೆ, ಆದರೆ ಎರಡು ದಿನದ್ದನ್ನಷ್ಟೇ ಇಟ್ಟು ಹಿಂದಿನದನ್ನು ಅಳಿಸುತ್ತದೆ, ಅದೂ ಅದೇ ಡಿಸ್ಕಿನಲ್ಲಿ. ರಾತ್ರಿ ಬೇರೆ ಯಂತ್ರಕ್ಕೆ ನಕಲಾಗುವಂತೆ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ನಡೆಯುವ ಆದೇಶ) ಹಾಕಿ. ಆ ಬ್ಯಾಕಪ್‌ನಲ್ಲಿ ನೀವು ತಿದ್ದಿದ ಐಸಿಯು ಕಡತಗಳು ಇರುವುದಿಲ್ಲ, ಅವು ಎಲ್ಲ ಸೈಟುಗಳಿಗೂ ಸೇರಿದ ಬೇರೆ ಫೋಲ್ಡರಿನವು. ಅವನ್ನು ಕೈಯಾರೆ ಎತ್ತಿಡಬೇಕು.

ಅಪ್‌ಗ್ರೇಡ್ ಮಾಡುವಾಗ ಡಿಪಿಕೆಜಿ (ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ ಸಾಧನ) ನಡುವೆ ನಿಂತು, ಡಿಫಾಲ್ಟ್ ಐಡಿಎಕ್ಸ್ ನೀವು ಬದಲಿಸಿದ್ದೀರಿ, ಹೊಸದು ಹಾಕಲೇ ಎಂದು ಕೇಳುತ್ತದೆ. ಎನ್ ಒತ್ತಿ. ವೈ ಒತ್ತಿದರೆ ಯಾವ ದೋಷವನ್ನೂ ತೋರಿಸದೆ ಅಪ್‌ಗ್ರೇಡ್ ಮುಗಿಯುತ್ತದೆ, ಮುಂದಿನ ರೀಬಿಲ್ಡ್ ಆದ ಮೇಲೆ ಕನ್ನಡ ಹುಡುಕಾಟ ಕೈಕೊಡುತ್ತದೆ. ಎನ್ ಒತ್ತಿದ ಮೇಲೆ, ಪಕ್ಕದಲ್ಲಿ ಡಿಪಿಕೆಜಿ-ಡಿಸ್ಟ್ ಬಾಲದೊಂದಿಗೆ ಬಿಟ್ಟುಹೋದ ಹೊಸ ಕಡತವನ್ನು ಹಳೆಯದರೊಂದಿಗೆ ಹೋಲಿಸಿ, ಹೊಸ ಇಂಡೆಕ್ಸ್ ಏನಾದರೂ ಸೇರಿದ್ದರೆ ಅದನ್ನಷ್ಟೇ ನಿಮ್ಮ ಕಡತಕ್ಕೆ ತಂದುಕೊಳ್ಳಿ. ಆಮೇಲೆ ಪೂರ್ತಿ ರೀಬಿಲ್ಡ್ ಕೊಡಿ. 22 ಸಾವಿರ ದಾಖಲೆಗೆ ನಮ್ಮ ಯಂತ್ರದಲ್ಲಿ ಚಹಾ ಕುಡಿಯುವಷ್ಟು ಹೊತ್ತು. ಮುಗಿದ ಕೂಡಲೇ ಕೊಡ, ಕೂಡ ಎರಡನ್ನೂ ಬೇರೆಬೇರೆ ಹುಡುಕಿ, ಫಲಿತಾಂಶದ ಸಂಖ್ಯೆ ಒಂದೇ ಬಂದರೆ ಐಸಿಯು ಕಡತವನ್ನು ಮತ್ತೆ ತೆರೆಯಿರಿ.